ಮುಂಬಯಿಯ ಯಹೂದಿಗಳ ಬಗ್ಗೆ ಉಪನ್ಯಾಸ ಇಡುವುದು ಹೇಗೆ: ನನ್ನ ಅನುಭವ

ಕೊಂಕಣದ ಯಹೂದಿಗಳಾದ ಬೆನೆ ಇಸ್ರೇಲ್ ಸಮುದಾಯದ ಬಗ್ಗೆ ಮುಂಬಯಿಯಲ್ಲಿ ಉಪನ್ಯಾಸ ಇಡಬೇಕೆಂದರೆ ದಿನ ಗೊತ್ತುಮಾಡುವುದೇ ಮೊದಲ ಕೆಲಸ. ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ರಾತ್ರಿ ನಕ್ಷತ್ರ ಕಾಣುವವರೆಗೆ ಸಬ್ಬತ್, ಅಂದರೆ ಯಹೂದಿಗಳ ವಾರದ ವಿಶ್ರಾಂತಿ ದಿನ. ಆ ಹೊತ್ತಿಗೆ ಸಭೆ ಇಟ್ಟರೆ ಯಾರ ಬಗ್ಗೆ ಮಾತಾಡುತ್ತೇವೋ ಅವರೇ ಬರುವುದಿಲ್ಲ. ನಾನು ಇಡುವುದು ಭಾನುವಾರ ಬೆಳಿಗ್ಗೆ 10.30ಕ್ಕೆ. ಹೀಬ್ರೂ ಪಂಚಾಂಗದಲ್ಲೂ 19 ವರ್ಷಕ್ಕೆ ಏಳು ಅಧಿಕಮಾಸ ಬರುತ್ತವೆ. ಹಾಗಾಗಿ ಹಿಂದಿನ ವರ್ಷದ ತಾರೀಖು ನೋಡಿ ಹಾಲ್ ಬುಕ್ ಮಾಡಬೇಡಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ರೋಶ್ ಹಶಾನಾ, ಯೋಮ್ ಕಿಪ್ಪೂರ್, ಸುಕ್ಕೋತ್ ಎಂಬ ಯಹೂದಿ ಹಬ್ಬಗಳು ಸಾಲಾಗಿ ಬರುತ್ತವೆ, ಜೊತೆಗೆ ನಮ್ಮ ಗಣಪತಿ ಗದ್ದಲ. ಆ ಎರಡು ತಿಂಗಳು ಕೈಬಿಡುವುದೇ ಲೇಸು.

ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲೇ ಉಪನ್ಯಾಸ ಇಡೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. 2008ರ ನವೆಂಬರ್‌ನಲ್ಲಿ ಮುಂಬಯಿಯ ಯಹೂದಿ ಕೇಂದ್ರ ನರಿಮನ್ ಹೌಸ್ ಮೇಲೆ ದಾಳಿಯಾದ ಮೇಲೆ ಅಂಥ ಕಡೆ ಗುರುತಿನ ಚೀಟಿ, ಬ್ಯಾಗ್ ತಪಾಸಣೆ ಇದ್ದದ್ದೇ. ಅರವತ್ತು ಜನ ಒಟ್ಟಿಗೆ ಬಂದರೆ ಬಾಗಿಲಲ್ಲೇ ಅರ್ಧ ಗಂಟೆ ಕಳೆಯುತ್ತದೆ. ಮಾತು ಗ್ರಂಥಾಲಯದ ಸಭಾಂಗಣದಲ್ಲಿ ಆಗಲಿ. ಸಿನಗಾಗ್ ನೋಡುವುದು ಇನ್ನೊಂದು ದಿನ, ಹದಿನೈದು ಜನರ ಗುಂಪಾಗಿ, ಹೆಸರುಗಳನ್ನು ಮೊದಲೇ ಕಳಿಸಿ ಒಪ್ಪಿಗೆ ಪಡೆದು. ಗಂಡಸರು ತಲೆ ಮುಚ್ಚಿಕೊಳ್ಳಲು ಟೋಪಿಯೋ ಕರವಸ್ತ್ರವೋ ತರಲಿ.

ಮಾತಿಗೆ 45 ನಿಮಿಷ, ಸ್ಲೈಡು 25 ದಾಟಬಾರದು. ಬೈಬಲ್ ಕಾಲದಿಂದ ಶುರುಮಾಡುವ ಭಾಷಣಕಾರರು ಕೊಂಕಣ ತಲುಪುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಕೇಳುಗರು ದಿನಾ ಲೋಕಲ್‌ನಲ್ಲಿ ದಾಟುವ ಮಸ್ಜಿದ್ ಸ್ಟೇಷನ್ನಿನಿಂದ ಶುರುಮಾಡಿ ಎಂದು ನಾನು ಕೇಳಿಕೊಳ್ಳುತ್ತೇನೆ. ಆ ಹೆಸರು ಬಂದದ್ದು, ಜನ 'ಮಸ್ಜಿದ್' ಎಂದೇ ಕರೆಯುತ್ತಿದ್ದ ಹತ್ತಿರದ ಶಾರ್ ಹರಹಮೀಮ್ ಸಿನಗಾಗ್‌ನಿಂದ ಎನ್ನುತ್ತಾರೆ. ಅದನ್ನು 1796ರಲ್ಲಿ ಕಟ್ಟಿಸಿದವರು ಸ್ಯಾಮ್ಯುಯೆಲ್ ಎಝೆಕಿಯಲ್ ದಿವೇಕರ್, ಈಸ್ಟ್ ಇಂಡಿಯಾ ಕಂಪನಿಯ ಸೈನಿಕ. ಎರಡನೇ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕೈಗೆ ಸೆರೆಸಿಕ್ಕು, ಬಿಡುಗಡೆಯಾಗಿ ಬಂದವರು. ಟಿಪ್ಪುವಿನ ತಾಯಿ ಅವರ ಪರವಾಗಿ ಮಾತಾಡಿದರೆಂಬುದು ಸಮುದಾಯದ ಐತಿಹ್ಯ, ದಾಖಲೆಯಂತೆ ಹೇಳಬಾರದು. ಕನ್ನಡಿಗರ ಸಭೆಯಲ್ಲಿ ಟಿಪ್ಪು ಹೆಸರು ಬಂದರೆ ಚರ್ಚೆ ಎತ್ತಲೋ ಹೊರಡುತ್ತದೆ. ಅದನ್ನು ಮೊದಲ ಹತ್ತು ನಿಮಿಷದಲ್ಲೇ ಮುಗಿಸಿ, ಕೊನೆಗೆ ಉಳಿಸಬೇಡಿ.

ಮುಂದಿನ ಸ್ಲೈಡಿಗೆ ಕೊಂಕಣದ ನಕ್ಷೆ: ನವಗಾಂವ್, ಪೇಣ್, ಕಿಹೀಮ್. ಪಕ್ಕದಲ್ಲೇ ನವಗಾಂವ್‌ಕರ್, ಪೇಣ್‌ಕರ್, ಕೆಹಿಮ್‌ಕರ್ ಎಂಬ ಅಡ್ಡಹೆಸರುಗಳು. ಕಾರವಾರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಾಣ ನಡೆಸುತ್ತಿದ್ದ ಇವರು ಶನಿವಾರ ಗಾಣ ನಿಲ್ಲಿಸುತ್ತಿದ್ದರು, ಹಾಗಾಗಿ ಊರವರ ಬಾಯಲ್ಲಿ 'ಶನಿವಾರ್ ತೇಲಿ', ಅಂದರೆ ಶನಿವಾರದ ಗಾಣಿಗರು. ಹಡಗು ಒಡೆದು ಏಳು ಗಂಡಸರು, ಏಳು ಹೆಂಗಸರು ದಡ ಸೇರಿದರೆಂಬುದೂ ಐತಿಹ್ಯವೇ. ಇರಾಕಿನ ಕಡೆಯಿಂದ ಬಂದ ಬಾಗ್ದಾದಿ ಯಹೂದಿಗಳ ಬಗೆಗಿನ ಮಾತಿಗೆ ಬೇರೆ ದಿನ ಇಡಿ. 1832ರಲ್ಲಿ ಬಂದ ಡೇವಿಡ್ ಸಸೂನ್ ಮನೆತನದ ಕಟ್ಟಡಗಳ ಫೋಟೋ ಹಾಕಿದರೆ ಕೊಂಕಣದ ಗಾಣದವರು ಮರೆತೇಹೋಗುತ್ತಾರೆ.

ಇಸ್ರೇಲ್-ಪ್ಯಾಲೆಸ್ಟೈನ್‌ನ ಪ್ರಚಲಿತ ವಿದ್ಯಮಾನವನ್ನು ಇತಿಹಾಸದ ಬಾಲಕ್ಕೆ ಕಟ್ಟಲೇಬಾರದು. ಅದಕ್ಕೂ ಪ್ರತ್ಯೇಕ ದಿನ, ಪ್ರತ್ಯೇಕ ಭಾಷಣಕಾರರು. 1947ರಲ್ಲಿ ವಿಶ್ವಸಂಸ್ಥೆಯಲ್ಲಿ ಪ್ಯಾಲೆಸ್ಟೈನ್ ವಿಭಜನೆಯ ವಿರುದ್ಧ ಭಾರತದ ಮತ, 1950ರಲ್ಲಿ ಇಸ್ರೇಲಿಗೆ ಮಾನ್ಯತೆ, 1992ರಲ್ಲಿ ಪೂರ್ಣ ರಾಜತಾಂತ್ರಿಕ ಸಂಬಂಧ: ಈ ಮೂರನ್ನು ಬೋರ್ಡಿನ ಮೇಲೆ ಬರೆದಿಟ್ಟರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಪ್ರಶ್ನೆಗಳು ಚೀಟಿಯಲ್ಲೇ ಬರಲಿ. ಮೈಕ್ ಕೈಗೆ ಕೊಟ್ಟರೆ ಪ್ರಶ್ನೆಯ ಬದಲು ಐದು ನಿಮಿಷದ ಭಾಷಣ ಬರುತ್ತದೆ. ಒಂದೇ ಥರದ ಚೀಟಿಗಳನ್ನು ಒಟ್ಟುಮಾಡಿ ಅಧ್ಯಕ್ಷರೇ ಓದಲಿ, 20 ನಿಮಿಷ ಸಾಕು. ಗಾಝಾ ಬಗ್ಗೆ ಸಿಟ್ಟಿದ್ದವರು ಮುಂದಿನ ಸಾಲಿನಲ್ಲಿ ಕೂತ, ಠಾಣೆ ಊರಿನ ಯಹೂದಿ ಅಜ್ಜಿಯನ್ನು ಜವಾಬು ಕೇಳಿದರೆ ಅಧ್ಯಕ್ಷರು ಅಲ್ಲಿಯೇ ತಡೆಯಬೇಕು. ಆಕೆ ಇಸ್ರೇಲ್ ಸರ್ಕಾರದ ವಕ್ತಾರರಲ್ಲ. ಹಿಟ್ಲರನನ್ನು ಹೊಗಳುವ ಚೀಟಿಯೂ ಒಮ್ಮೊಮ್ಮೆ ಬರುತ್ತದೆ. ಅದನ್ನು ಓದುವ ಅಗತ್ಯವಿಲ್ಲ.

ಚಹಾದ ಜೊತೆ ಮಲೀದಾ ಎಂಬ ಸಿಹಿ ಅವಲಕ್ಕಿ ಕೊಡಬೇಕೆನಿಸಿದರೆ ಮೊದಲು ಸಮುದಾಯದ ಹಿರಿಯರನ್ನು ಕೇಳಿ. ಅದು ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಅರ್ಪಿಸುವಂಥದ್ದು, ಬರೀ ತಿಂಡಿಯಲ್ಲ. ಅವರು ಒಪ್ಪಿದರೆ 40 ಜನಕ್ಕೆ ಒಂದು ಕಿಲೋ ಅವಲಕ್ಕಿ, ಮೂರು ತೆಂಗಿನಕಾಯಿಯ ತುರಿ, ಅರ್ಧ ಕಿಲೋ ಸಕ್ಕರೆ, ಏಲಕ್ಕಿ. ಅವಲಕ್ಕಿಯನ್ನು ತೊಳೆದು ಸೋಸಿದರೆ ಸಾಕು, ನೆನೆಹಾಕಿದರೆ ಮುದ್ದೆಯಾಗುತ್ತದೆ. ಬಾಳೆಹಣ್ಣನ್ನು ಕೊಡುವ ಹೊತ್ತಿಗೇ ಹೆಚ್ಚಿ, ಇಲ್ಲದಿದ್ದರೆ ಕಪ್ಪಾಗುತ್ತದೆ.