ಸೂಜಿಮೆಣಸು: ಕುಂಡದಿಂದ ವಿನೆಗರ್ ಬಾಟಲಿಗೆ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಸೂಜಿಮೆಣಸನ್ನು ಯಾರೂ ನೆಟ್ಟಿದ್ದು ನಾನು ನೋಡಿಲ್ಲ. ಕೊಟ್ಟಿಗೆ ಹಿಂದೆ, ಗೊಬ್ಬರಗುಂಡಿ ಪಕ್ಕ, ಅಡಿಕೆ ತೋಟದ ಅಂಚಿನಲ್ಲಿ ಅದಾಗೇ ಹುಟ್ಟುತ್ತಿತ್ತು. ಬಿತ್ತುತ್ತಿದ್ದದ್ದು ಪಿಕಳಾರ. ಹಕ್ಕಿಗಳಿಗೆ ಮೆಣಸಿನ ಖಾರ ತಟ್ಟುವುದೇ ಇಲ್ಲ. ಹಣ್ಣು ನುಂಗುತ್ತವೆ, ಬೇಲಿ ಮೇಲೆ ಕೂತು ಹಿಕ್ಕೆ ಹಾಕುತ್ತವೆ, ಮುಂದಿನ ಮಳೆಗೆ ಅಲ್ಲೊಂದು ಗಿಡ. ಮೈಸೂರಿಗೆ ಬಂದು ಮನೆ ಮಾಡಿದ ಮೇಲೆ ಆ ಹಕ್ಕಿ ಕೆಲಸ ನನ್ನ ಪಾಲಿಗೆ ಬಂತು. ಐದು ವರ್ಷದಿಂದ ತಾರಸಿಯ ಕುಂಡಗಳಲ್ಲಿ ಬೆಳೆಸುತ್ತಿದ್ದೇನೆ.

ಇದೇ ಮೆಣಸಿಗೆ ಕರಾವಳಿಯಲ್ಲಿ ಗಾಂಧಾರಿ ಅಂತಾರೆ, ಕೆಲವು ಕಡೆ ಜೀರಿಗೆ ಮೆಣಸು, ಕೊಡಗಿನಲ್ಲಿ ಪರಂಗಿ ಮೆಣಸು. ಮೈಸೂರು ಕಡೆ ಪಪ್ಪಾಯಿಗೂ ಪರಂಗಿ ಹಣ್ಣು ಅಂತಾರಲ್ವಾ? ಎರಡೂ ಅಮೆರಿಕ ಖಂಡದ ಬೆಳೆ, ಪೋರ್ಚುಗೀಸರ ಕಾಲದಲ್ಲಿ ಇಲ್ಲಿಗೆ ಬಂದವು. ಪರಂಗಿ ಅಂದರೆ ಯುರೋಪಿನವನು, ಬಂದ ದಾರಿ ಹೆಸರಲ್ಲೇ ಉಳಿದುಬಿಟ್ಟಿದೆ.

ಬೀಜ ಅಂಗಡಿಯಿಂದ ತರಬೇಕಿಲ್ಲ. ಗಿಡದಲ್ಲೇ ಚೆನ್ನಾಗಿ ಕೆಂಪಾದ ನಾಲ್ಕು ಹಣ್ಣು ಯಾರ ಹತ್ತಿರವಾದರೂ ಕೇಳಿ. ಬೀಜ ತೆಗೆದು ನೆರಳಲ್ಲಿ ಒಣಗಿಸಿ. ಬಿತ್ತುವ ಹಿಂದಿನ ರಾತ್ರಿ ಉಗುರು ಬೆಚ್ಚಗಿನ ನೀರಲ್ಲಿ ನೆನೆಹಾಕಿ. ತಳದಲ್ಲಿ ತೂತು ಮಾಡಿದ ಪೇಪರ್ ಲೋಟ ಸಾಕು, ಅರ್ಧ ಸೆಂಟಿಮೀಟರ್ ಆಳಕ್ಕೆ ಬೀಜ ಹಾಕಿ. ಸಾಮಾನ್ಯ ಮೆಣಸಿನಕಾಯಿ ಹತ್ತು ದಿನಕ್ಕೆ ಮೊಳೆತರೆ, ಇದು ಮೂರು ವಾರವೂ ತೆಗೆದುಕೊಳ್ಳಬಹುದು. ಮೊದಲ ವರ್ಷ ನಾನು ಹದಿನೈದನೇ ದಿನಕ್ಕೆ ತಾಳ್ಮೆಗೆಟ್ಟು ಎಲ್ಲಾ ಲೋಟ ಒಂದು ಮೂಲೆಗೆ ಸುರಿದೆ. ಒಂದು ವಾರದ ಮೇಲೆ ಆ ಮೂಲೆಯಲ್ಲೇ ಹನ್ನೊಂದು ಸಸಿ ಎದ್ದಿದ್ದವು.

ಆರು ಎಲೆ ಬಂದಾಗ 12 ಇಂಚಿನ ಕುಂಡಕ್ಕೆ ಹಾಕಿ. ಕೆಂಪು ಮಣ್ಣು, ಹಳೇ ಕೊಟ್ಟಿಗೆ ಗೊಬ್ಬರ, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಸಮಸಮ. ಗಿಡ ಒಂದು ಗೇಣು ಎತ್ತರ ಆದಾಗ ತುದಿ ಚಿವುಟಿ, ಪಕ್ಕದ ಕವಲು ಜಾಸ್ತಿ ಬರುತ್ತದೆ. ಬಿಸಿಲು ಆರು ಗಂಟೆಯಾದರೂ ಬೇಕು.

ಇನ್ನು ನೀರು. ಕುಂಡದ ಮೆಣಸು ಒಣಗಿ ಸಾಯುವುದಕ್ಕಿಂತ ಕೊಳೆತು ಸಾಯುವುದೇ ಹೆಚ್ಚು. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ. ತಣ್ಣಗೆ ಅಂಟಿದರೆ ಅವತ್ತು ಸುಮ್ಮನಿರಿ. ಮಧ್ಯಾಹ್ನದ ಬಿಸಿಲಿಗೆ ಎಲೆ ಜೋಲುತ್ತದೆ, ಪಾಪ ಅನಿಸುತ್ತದೆ, ಆದರೂ ಸಂಜೆವರೆಗೆ ಕಾಯಿರಿ. ಮುಕ್ಕಾಲು ಪಾಲು ತಾನೇ ಎದ್ದು ನಿಲ್ಲುತ್ತದೆ.

ಎಲೆ ಮುದುಡಿದರೆ ಮುಟುರು ರೋಗ. ಎಲೆಯ ಅಂಚು ಮೇಲಕ್ಕೆ ದೋಣಿಯ ಹಾಗೆ ಮಡಚಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್ ಅನ್ನುವ ರಸ ಹೀರುವ ಪುಟ್ಟ ಕೀಟ, ಕೆಳಕ್ಕೆ ಬಾಗಿದ್ದರೆ ನುಸಿ. ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಪಾತ್ರೆ ತೊಳೆಯುವ ಸೋಪಿನ ನಾಲ್ಕು ಹನಿ ಹಾಕಿ ಚೆನ್ನಾಗಿ ಅಲ್ಲಾಡಿಸಿ. ಸಂಜೆ ಹೊತ್ತು, ಎಲೆಯ ಅಡಿಭಾಗಕ್ಕೆ ಸಿಂಪಡಿಸಿ. ಮೇಲುಗಡೆ ಮಾತ್ರ ಹೊಡೆದರೆ ನಿಮಗೆ ಸಮಾಧಾನ, ಹುಳಕ್ಕೂ ಸಮಾಧಾನ.

ನಾಲ್ಕೈದು ತಿಂಗಳಿಗೆ ಕಾಯಿ ಶುರು. ಆಕಾಶಕ್ಕೆ ಮುಖ ಮಾಡಿ ನಿಂತ ಪುಟ್ಟ ಸೂಜಿಗಳು. ತೊಂದರೆ ಏನೆಂದರೆ, ಚಟ್ನಿಗೆ ಎರಡು ಸಾಕು, ಗಿಡ ಕೊಡುವುದು ಇನ್ನೂರು. ವಿನೆಗರ್ ಬರುವುದು ಇಲ್ಲೇ. ಚೈನೀಸ್ ಗಾಡಿಯಲ್ಲಿ ನೂಡಲ್ಸ್ ಪಕ್ಕ ಇಟ್ಟಿರುತ್ತಾರಲ್ಲ, ವಿನೆಗರಿನಲ್ಲಿ ಮುಳುಗಿದ ಹಸಿಮೆಣಸಿನ ಚೂರು, ಅದರದ್ದೇ ಖಾರದ ಅಣ್ಣ ಇದು.

100 ಗ್ರಾಂ ಕಾಯಿಗೆ 300 ಮಿಲಿ ವಿನೆಗರ್, ಒಂದು ಚಮಚ ಉಪ್ಪು, ಅರ್ಧ ಚಮಚ ಸಕ್ಕರೆ, ಆರು ಎಸಳು ಬೆಳ್ಳುಳ್ಳಿ. ಅಡುಗೆಯ ವಿನೆಗರ್ ಇರಲಿ, ಲೇಬಲ್ ಮೇಲೆ ಅಸಿಟಿಕ್ ಆಸಿಡ್ ಶೇ. 4ರ ಆಸುಪಾಸು ಇದೆಯಾ ನೋಡಿಕೊಳ್ಳಿ. ನೆಲ ಒರೆಸಲು ಮಾರುವ ಕ್ಲೀನಿಂಗ್ ವಿನೆಗರ್ ಬೇಡವೇ ಬೇಡ.

ಕಾಯಿ ತೊಳೆದು ಬಿಳಿ ಬಟ್ಟೆ ಮೇಲೆ ಹರಡಿ, ಫ್ಯಾನ್ ಕೆಳಗೆ ಮೂರು ನಾಲ್ಕು ಗಂಟೆ ಬಿಡಿ. ತೊಟ್ಟಿನ ಬುಡದಲ್ಲಿ ಒಂದೊಂದು ಹನಿ ಅಡಗಿ ಕೂತಿರುತ್ತದೆ, ಅದನ್ನೂ ಒರೆಸಿ. ನನ್ನ ಮೊದಲ ಬಾಟಲಿ ಕೆಟ್ಟಿದ್ದು ಆ ಹನಿಗಳಿಂದಲೇ ಇರಬೇಕು. ಅವಸರದಲ್ಲಿ ಒದ್ದೆ ಕಾಯಿಯನ್ನೇ ತುಂಬಿದ್ದೆ, ವಿನೆಗರೂ ಕಮ್ಮಿ ಹಾಕಿದ್ದೆ. ಎರಡು ವಾರಕ್ಕೆ ಮೇಲೆ ಬಿಳಿ ಪೊರೆ. ತಗಡಿನ ಮುಚ್ಚಳಕ್ಕೂ ತುಕ್ಕು ಹಿಡಿದು, ಕಂದು ನೀರು ಒಳಗೆ ತೊಟ್ಟಿಕ್ಕಿತ್ತು. ಪೂರ್ತಿ ಚೆಲ್ಲಿದೆ. ಅಂದಿನಿಂದ ಗಾಜಿನ ಬಾಟಲಿ, ಪ್ಲಾಸ್ಟಿಕ್ ಮುಚ್ಚಳ.

ತೊಟ್ಟು ಸ್ವಲ್ಪ ಉಳಿಸಿಕೊಳ್ಳಿ, ಆಮೇಲೆ ಹಿಡಿದು ಎತ್ತಲು ಅನುಕೂಲ. ಪ್ರತಿ ಕಾಯಿಗೂ ಸೂಜಿಯಿಂದ ಎರಡು ಕಡೆ ಚುಚ್ಚಿ. ಹೌದು, ಸೂಜಿಮೆಣಸಿಗೇ ಸೂಜಿ. ಒಳಗೆಲ್ಲಾ ಬರೀ ಗಾಳಿ, ಚುಚ್ಚದಿದ್ದರೆ ವಿನೆಗರ್ ಒಳಗೆ ಹೋಗುವುದಿಲ್ಲ, ಕಾಯಿ ತೇಲುತ್ತಲೇ ಇರುತ್ತದೆ. ಬಾಟಲಿಯನ್ನು ಬಿಸಿನೀರಲ್ಲಿ ಕುದಿಸಿ, ಒಣಗಿಸಿ ಇಟ್ಟುಕೊಳ್ಳಿ. ವಿನೆಗರ್, ಉಪ್ಪು, ಸಕ್ಕರೆಯನ್ನು ಸ್ಟೀಲ್ ಪಾತ್ರೆಯಲ್ಲಿ ಕುದಿ ಬರುವವರೆಗೆ ಕಾಯಿಸಿ. ಹಿಂಡಾಲಿಯಂ, ಹಿತ್ತಾಳೆ ಮುಟ್ಟಬೇಡಿ. ಬಾಟಲಿ ಬೆಚ್ಚಗಿದ್ದಾಗಲೇ ಕಾಯಿ, ಬೆಳ್ಳುಳ್ಳಿ ತುಂಬಿ, ಮೇಲಿಂದ ಆ ಬಿಸಿ ವಿನೆಗರ್ ಸುರಿಯಿರಿ. ಎಲ್ಲಾ ಕಾಯಿ ಮುಳುಗಿರಬೇಕು. ತಣ್ಣಗಾದ ಮೇಲೆ ಫ್ರಿಜ್ಜಿಗೆ. ಹತ್ತು ದಿನ ಮುಟ್ಟಬೇಡಿ.

ಹಸಿರು ಬಣ್ಣ ಎರಡೇ ದಿನಕ್ಕೆ ಮಂಕಾಗುತ್ತದೆ, ಹುಳಿಯ ಗುಣ ಅದು. ಬೆಳ್ಳುಳ್ಳಿ ಕೆಲವೊಮ್ಮೆ ನವಿಲು ನೀಲಿಗೆ ತಿರುಗುತ್ತದೆ. ನಮ್ಮ ಅಮ್ಮ ನೋಡಿ, "ಇದಕ್ಕೆ ಮೈಲುತುತ್ತ ಹಾಕಿದ್ಯೇನೋ?" ಅಂದರು. ಅದೂ ಬೆಳ್ಳುಳ್ಳಿಗೂ ಹುಳಿಗೂ ಸೇರಿ ಆಗುವ ಬಣ್ಣ, ತಿನ್ನಬಹುದು.

ಹಣ್ಣಾದ ಕಾಯಿಯಿಂದ ಕೆಂಪು ಸಾಸ್ ಮಾಡುತ್ತೇನೆ. ಬರೀ ಸೂಜಿಮೆಣಸಿನದ್ದು ಮನುಷ್ಯರು ತಿನ್ನುವಂಥದ್ದಲ್ಲ, ಅದಕ್ಕೇ ಹತ್ತು ಬ್ಯಾಡಗಿ ಸೇರಿಸುತ್ತೇನೆ. ಬಣ್ಣ ಜಾಸ್ತಿ, ಖಾರ ಕಮ್ಮಿ. 2011ರಲ್ಲಿ ಜಿಐ (ಭೌಗೋಳಿಕ ಗುರುತು) ಟ್ಯಾಗ್ ಸಿಕ್ಕಿದ ಮೆಣಸು ಅದು. ಒಂದು ಹಿಡಿ ಸೂಜಿಮೆಣಸು, ತೊಟ್ಟು ತೆಗೆದ ಬ್ಯಾಡಗಿ, ಎಂಟು ಎಸಳು ಬೆಳ್ಳುಳ್ಳಿ, ಎರಡು ಚಮಚ ಉಪ್ಪು, ನಿಂಬೆ ಗಾತ್ರದ ಬೆಲ್ಲ, 250 ಮಿಲಿ ವಿನೆಗರ್. ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಕಿಟಕಿ ತೆಗೆದಿರಲಿ. ಒಮ್ಮೆ ಮರೆತು, ಮನೆಯವರೆಲ್ಲ ಕೆಮ್ಮುತ್ತಾ ತಾರಸಿಗೆ ಓಡಿದ್ದೆವು. ಪೂರ್ತಿ ತಣಿದ ಮೇಲೆ ರುಬ್ಬಿ, ಇಲ್ಲದಿದ್ದರೆ ಹಬೆ ಮಿಕ್ಸಿ ಮುಚ್ಚಳ ಹಾರಿಸುತ್ತದೆ. ಗಟ್ಟಿ ಅನಿಸಿದರೆ ವಿನೆಗರನ್ನೇ ಹಾಕಿ. ನೀರು ಹಾಕಿದರೆ ಹುಳಿ ತೆಳುವಾಗುತ್ತದೆ, ಬೇಗ ಕೆಡುತ್ತದೆ. ಸೋಸಿ ಫ್ರಿಜ್ಜಿನಲ್ಲಿಟ್ಟರೆ ಎರಡು ತಿಂಗಳು ನಿರಾತಂಕ.

ಕೈ ಉರಿಗೂ ನೀರು ಉಪಯೋಗಕ್ಕೆ ಬಾರದು. ಖಾರದ ಅಂಶ ನೀರಿಗಿಂತ ಎಣ್ಣೆಗೆ ಬೇಗ ಬಿಟ್ಟುಕೊಳ್ಳುತ್ತದೆ. ಮೊದಲು ಕೊಬ್ಬರಿ ಎಣ್ಣೆ ಉಜ್ಜಿ, ಆಮೇಲೆ ಸೋಪು. ಬಾಯಿಗಾದರೆ ಹಾಲು, ಮೊಸರು. ಬೀಜ ತೆಗೆದರೆ ಖಾರ ಹೋಗುತ್ತದೆ ಅಂತ ನಂಬಬೇಡಿ, ಖಾರ ಕೂತಿರುವುದು ಬೀಜ ಅಂಟಿಕೊಂಡ ಬಿಳಿ ತಿರುಳಿನಲ್ಲಿ.

ಬಾಟಲಿಯ ವಿನೆಗರನ್ನು ನೂಡಲ್ಸಿಗೂ ಕರಿದ ಮೀನಿಗೂ ಚಿಮುಕಿಸಿ. ಅರ್ಧ ಖಾಲಿಯಾದಾಗ ಹೊಸ ವಿನೆಗರ್ ಕಾಯಿಸಿ ಒಂದು ಸಲ ತುಂಬಿಸಬಹುದು. ಎರಡನೇ ಸಲಕ್ಕೆ ಖಾರ ಸಪ್ಪೆಯಾಗಿರುತ್ತದೆ. ಆಗ ಉಳಿದ ಕಾಯಿಯನ್ನು ತೊಟ್ಟು ಹಿಡಿದು ಎತ್ತಿ, ಮೊಸರನ್ನಕ್ಕೆ ನಂಜಿಕೊಳ್ಳಿ. ನಮ್ಮಮ್ಮ ಎರಡು ತಿನ್ನುತ್ತಾರೆ. ನನಗೆ ಈಗಲೂ ಒಂದೇ.