ಟೇಪಿನ ತುಂಡನ್ನು ನೋಡುತ್ತಾ ಅತ್ತ ದೃಶ್ಯ

2008ರ ಮಳೆಗಾಲ. ಮುಂಬಯಿಯ ಗೋರೆಗಾಂವ್ ಫಿಲ್ಮ್ ಸಿಟಿಯಲ್ಲಿ ಒಂದು ಹಿಂದಿ ಸೀರಿಯಲ್ ಸೆಟ್ಟಿನಲ್ಲಿ ನರ್ಸ್ ಬಟ್ಟೆ ಹಾಕಿಕೊಂಡು ನಿಂತಿದ್ದೆ. ರೋಗಿಗೆ ಎಚ್ಚರವಾಯಿತು ಅಂತ ಹೇಳಬೇಕಾಗಿದ್ದು ಒಂದೇ ಮಾತು: ‘ಪೇಶೆಂಟ್ ಕೋ ಹೋಶ್ ಆ ಗಯಾ ಹೈ.’ ಹೇಳಿದೆ. ಸೌಂಡ್ ರೆಕಾರ್ಡಿಸ್ಟ್ ತಕ್ಷಣ ಹೆಡ್‌ಫೋನ್ ತೆಗೆದರು. ಮಾನಿಟರ್ ಹಿಂದಿನಿಂದ ಡೈರೆಕ್ಟರ್ ಎದ್ದು ಬಂದು, ನಾಟಕದವರಾ ಅಂತ ಕೇಳಿದರು. ಹೌದು ಅಂದೆ. ನನ್ನ ಕಾಲರಿಗೆ ಸಿಕ್ಕಿಸಿದ್ದ ಮೈಕ್ ತೋರಿಸಿ, ‘ನಿಮ್ಮ ಕೊನೇ ಸಾಲಿನ ಪ್ರೇಕ್ಷಕ ಇಲ್ಲಿದ್ದಾನೆ. ಅವನಿಗೆ ಕೇಳಿದರೆ ಸಾಕು’ ಅಂದರು. ಬೈಯಲಿಲ್ಲ. ಅವತ್ತು ಅವರು ಬೈದಿದ್ದರೆ ನಾನು ಬಹುಶಃ ವಾಪಸ್ ಹೋಗುತ್ತಿರಲಿಲ್ಲ.

ನಾನು ಹುಬ್ಬಳ್ಳಿಯವಳು. ಮದುವೆಯಾಗಿ 1998ರಲ್ಲಿ ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದೆ. ನಾಟಕದ ಹುಚ್ಚು ಮೊದಲಿನಿಂದಲೂ ಇತ್ತು. ಮಾಟುಂಗದ ಮೈಸೂರು ಅಸೋಸಿಯೇಷನ್ ಬಗ್ಗೆ ಹೇಳಿದ್ದು ಪಕ್ಕದ ಮನೆಯವರು. 1926ರಲ್ಲಿ ಶುರುವಾದ ಸಂಸ್ಥೆ ಅದು. ಅಲ್ಲಿನ ರಂಗಮಂದಿರದಲ್ಲಿ ಕನ್ನಡ ನಾಟಕ ನೋಡಿದ ದಿನ, ಮುಂಬಯಿ ನನ್ನದೂ ಹೌದು ಅನ್ನಿಸಿತು. ಆಮೇಲೆ ಒಂದು ಹವ್ಯಾಸಿ ತಂಡ ಸೇರಿದೆ. ತಾಲೀಮಿಗೆ ಬರುವವರು ಬ್ಯಾಂಕಿನವರು, ಹೋಟೆಲಿನವರು, ಟೀಚರುಗಳು. ಎಲ್ಲರೂ ಕೆಲಸ ಮುಗಿಸಿಕೊಂಡೇ ಬರಬೇಕು, ಕೊನೇ ಲೋಕಲ್ ರೈಲು ತಪ್ಪುವ ಮೊದಲು ಹೊರಡಬೇಕು. ದನಿಯನ್ನು ಹಿಂದಿನ ಗೋಡೆಗೆ ತಲುಪಿಸುವುದನ್ನು ಅಲ್ಲೇ ಕಲಿತೆ. ಕ್ಯಾಮೆರಾ ಮುಂದೆ ಮೊದಲು ಬಿಡಬೇಕಾಗಿದ್ದೂ ಅದನ್ನೇ.

ಸೀರಿಯಲ್‌ಗೆ ಹೋಗುತ್ತೇನೆ ಅಂದಾಗ ಮಗನಿಗೆ ಎಂಟು ವರ್ಷ. ಮನೆಯಲ್ಲಿ ಮೊದಲು ಒಪ್ಪಿದವರು ನಮ್ಮ ಅತ್ತೆಯವರು. ‘ನೀ ಹೋಗಿ ಬಾರವಾ, ಮನಿ ನಾ ನೋಡ್ಕೋತೀನಿ’ ಅಂದರು. ಇಷ್ಟು ವರ್ಷ ಅವರು ಆ ಮಾತು ಉಳಿಸಿಕೊಂಡಿದ್ದಾರೆ. ನಟಿಯರ ಬದುಕಿನ ಬಗ್ಗೆ ಬರೆಯುವಾಗ ಇದನ್ನು ಯಾರೂ ಬರೆಯುವುದಿಲ್ಲ. ಮನೆಯಲ್ಲಿ ಒಬ್ಬರು ಅಡುಗೆಮನೆ ಹಿಡಿದುಕೊಂಡರೆ ಮಾತ್ರ ಇನ್ನೊಬ್ಬರು ಹನ್ನೆರಡು ಗಂಟೆಯ ಶಿಫ್ಟ್ ಮಾಡಲು ಆಗುತ್ತದೆ.

ಕೆಲಸ ಸಿಗುವ ದಾರಿ ಅಂಧೇರಿ ಪಶ್ಚಿಮದ ಆರಾಮ್ ನಗರದ್ದು. ವರ್ಸೋವಾ ಹತ್ತಿರ ಹಳೇ ಬಂಗಲೆಗಳ ಓಣಿಗಳು, ಒಂದೊಂದರಲ್ಲೂ ಒಂದೊಂದು ಆಡಿಷನ್. ಹೋಗಿ ಹೆಸರು ಬರೆಸಬೇಕು, ಕಾಯಬೇಕು. ಕ್ಯಾಮೆರಾ ಮುಂದೆ ನಿಂತು ಹೆಸರು, ವಯಸ್ಸು, ಎತ್ತರ ಹೇಳಬೇಕು. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಆಮೇಲೆ ಎರಡು ನಿಮಿಷದ ಸೀನ್. 2014ರಲ್ಲಿ ಘಾಟ್ಕೋಪರ್‌ನಿಂದ ವರ್ಸೋವಾಕ್ಕೆ ಮೆಟ್ರೋ ಬಂದ ಮೇಲೆ ನಮ್ಮಂಥ ಸೆಂಟ್ರಲ್ ಲೈನಿನವರಿಗೆ ಎಷ್ಟೋ ಸಲೀಸಾಯಿತು. ಅದಕ್ಕೆ ಮೊದಲು ದಾದರ್‌ನಲ್ಲಿ ಇಳಿದು, ಸೇತುವೆ ಹತ್ತಿ ವೆಸ್ಟರ್ನ್ ಲೈನ್ ಹಿಡಿದು, ಅಂಧೇರಿಯಿಂದ ಬಸ್ಸು. ಆಡಿಷನ್‌ಗೆ ತಲುಪುವಷ್ಟರಲ್ಲಿ ಸೀರೆ ಹಿಂಡಿದ ಹಾಗಾಗಿರುತ್ತಿತ್ತು. ಒಂದು ಇಸ್ತ್ರಿ ಮಾಡಿದ ಸೀರೆ ಚೀಲದಲ್ಲಿ ಇಟ್ಟುಕೊಂಡೇ ಹೋಗುತ್ತಿದ್ದೆ. ಈಗಲೂ ಇಟ್ಟುಕೊಳ್ಳುತ್ತೇನೆ.

ಶುರುವಿನಲ್ಲೇ ಒಬ್ಬರು ‘ರಿಜಿಸ್ಟ್ರೇಷನ್’ ಅಂತ ಐದು ಸಾವಿರ ತೆಗೆದುಕೊಂಡು ಫೋನ್ ಎತ್ತುವುದನ್ನೇ ಬಿಟ್ಟರು. ಅವತ್ತಿಂದ ಒಂದು ನಿಯಮ. ಕೆಲಸ ಕೊಡಿಸುವ ಮುಂಚೆ ದುಡ್ಡು ಕೇಳಿದರೆ ಎದ್ದು ಬರುವುದು. ಕೆಲಸ ಹುಡುಕಿಕೊಡುವ ಕೋಆರ್ಡಿನೇಟರ್‌ಗೆ ಕಮಿಷನ್ ಕೊಡುತ್ತೇನೆ, ಆದರೆ ನನ್ನ ಪೇಮೆಂಟ್ ಬಂದ ಮೇಲೆ.

ಹಿಂದಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕನ್ನಡದವರು ಇಲ್ಲಿ ಸೋಲುವುದು ನಟನೆಯಲ್ಲಿ ಅಲ್ಲ, ಭಾಷೆಯಲ್ಲಿ. ನನಗೆ ಹಿಂದಿ ಚೆನ್ನಾಗಿಯೇ ಬರುತ್ತದೆ ಅಂದುಕೊಂಡಿದ್ದೆ. ಮಾರ್ಕೆಟ್ಟಿನ ಹಿಂದಿ ಬರುತ್ತಿತ್ತು, ಅಷ್ಟೆ. ನಾವು ಮಾತಾಡುವಾಗ ಮಹಾಪ್ರಾಣವನ್ನು ಸುಲಭವಾಗಿ ನುಂಗಿಬಿಡುತ್ತೇವೆ. ಕನ್ನಡದಲ್ಲಿ ನಡೆಯುತ್ತದೆ. ಹಿಂದಿಯಲ್ಲಿ ‘ಸಾಥ್’ ಅಂದರೆ ಜೊತೆ, ‘ಸಾತ್’ ಅಂದರೆ ಏಳು. ‘ಖಾನಾ’ ಊಟ, ‘ಕಾನಾ’ ಒಕ್ಕಣ್ಣ. ಒಂದು ಆಡಿಷನ್‌ನಲ್ಲಿ ತಾಯಿಯ ಪಾತ್ರದ ದುಃಖದ ಮಾತು ಹೇಳುತ್ತಿದ್ದೆ, ಎದುರಿಗಿದ್ದ ಹುಡುಗಿ ತುಟಿ ಕಚ್ಚಿಕೊಂಡಳು. ಯಾವ ಅಕ್ಷರ ತಪ್ಪಿತು ಅಂತ ಕೇಳಿದೆ, ಅವಳು ಪಾಪ ಹೇಳಿಕೊಟ್ಟಳು. ಮನೆಗೆ ಬಂದು ತುಟಿಯ ಮುಂದೆ ತೆಳು ಕಾಗದದ ಚೂರು ಹಿಡಿದು ಅಭ್ಯಾಸ ಶುರು ಮಾಡಿದೆ. ‘ಖ’ ಅಂದಾಗ ಕಾಗದ ಅಲುಗಬೇಕು, ‘ಕ’ ಅಂದಾಗ ಸುಮ್ನೆ ಇರಬೇಕು. ಮಗ ಹೋಮ್‌ವರ್ಕ್ ಮಾಡುತ್ತಾ ತಪ್ಪು ಹಿಡಿಯುತ್ತಿದ್ದ.

ಎರಡನೆಯದು ಪದದ ಕೊನೆ. ನಮ್ಮ ಬಾಯಿಗೆ ಪದ ಸ್ವರದಲ್ಲಿ ಮುಗಿಯಬೇಕು. ಬಸ್ಸು, ಕಾರು, ಪೆನ್ನು. ಹಿಂದಿಯಲ್ಲಿ ಬಾಗಿಲು ಮುಚ್ಚಿದ ಹಾಗೆ ಟಕ್ಕಂತ ನಿಲ್ಲಬೇಕು. ಮೂರನೆಯದು ಲಿಂಗ. ನಮಗೆ ಚಹಾ, ನೀರು, ಎರಡೂ ‘ಅದು’. ಅಲ್ಲಿ ಚಾಯ್ ಹೆಣ್ಣು, ಪಾನಿ ಗಂಡು. ಇದಕ್ಕೆ ನಿಯಮ ಓದಿ ಪ್ರಯೋಜನವಾಗಲಿಲ್ಲ. ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಕಿವಿಯಿಟ್ಟು ಕಲಿತೆ. ಕಲ್ಯಾಣದ ಕಡೆಯಿಂದ ಬರುವ ಗಾಡಿಯಲ್ಲಿ ಉಲ್ಲಾಸ್‌ನಗರದ ಸಿಂಧಿ ಹೆಂಗಸರು, ಉತ್ತರ ಪ್ರದೇಶದವರು, ಗುಜರಾತಿಗಳು ಎಲ್ಲರೂ ಇರುತ್ತಿದ್ದರು. ಮುಂದೆ ಒಂದು ಸೀರಿಯಲ್‌ನಲ್ಲಿ ಸಿಂಧಿ ಅಜ್ಜಿಯ ಪಾತ್ರ ಬಂತು. ಪರ್ಸನ್ನು ಎರಡೂ ಕೈಯಿಂದ ಹೊಟ್ಟೆಗೆ ಒತ್ತಿಕೊಂಡು ಕೂರುವುದು ನಾನು ಆ ಡಬ್ಬಿಯಿಂದ ತಂದದ್ದು.

ಮರಾಠಿಯಲ್ಲಿ ಇದು ತಿರುಗುಮುರುಗು. ಅಲ್ಲಿಯೂ ‘ಳ’ ಇದೆ, ನಮಗದು ತಾಯಿ ಹಾಲಿನಷ್ಟು ಸಹಜ. ಹಿಂದಿಯವರು ತಿಣುಕುವಲ್ಲಿ ನಾವು ನಿರಾಳ. ಹುಬ್ಬಳ್ಳಿ, ಬೆಳಗಾವಿ ಕಡೆಯವರು ಮರಾಠಿ ಸೀರಿಯಲ್‌ಗಳಿಗೆ ಧೈರ್ಯವಾಗಿ ಪ್ರಯತ್ನಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಾನು ಒಪ್ಪದ ಕೆಲಸ ಒಂದೇ. ಮದ್ರಾಸಿ ಆಂಟಿ ಅಂತ ಮಾತುಮಾತಿಗೂ ‘ಅಯ್ಯೋ ಅಯ್ಯೋ’ ಅನ್ನುವ ಪಾತ್ರ. ದಕ್ಷಿಣದವರು ಹಾಗೆ ಮಾತಾಡುವುದಿಲ್ಲ. ಅದರಿಂದ ಕೈತಪ್ಪಿದ ಕೆಲಸದ ದಿನಗಳಿವೆ, ಪಶ್ಚಾತ್ತಾಪ ಇಲ್ಲ.

ಸೆಟ್ಟಿನ ಕೆಲಸಕ್ಕೆ ಬರುತ್ತೇನೆ. ದಿನದ ಸೀರಿಯಲ್ ಅಂದರೆ ವಾರಕ್ಕೆ ಐದಾರು ಕಂತು, ಒಂದೊಂದು ಕಂತಿಗೆ ಇಪ್ಪತ್ತು ನಿಮಿಷದ ಮೇಲೆ. ಸ್ಕ್ರಿಪ್ಟ್ ಅವತ್ತಿನದು ಅವತ್ತು ಬೆಳಿಗ್ಗೆ ಬರುತ್ತದೆ. ಒಮ್ಮೊಮ್ಮೆ ಮೇಕಪ್ ಆಗುವಾಗ, ಒಮ್ಮೊಮ್ಮೆ ಲೈಟ್ ಆದ ಮೇಲೆ. ಬಾಯಿಪಾಠಕ್ಕೆ ಸಮಯವೇ ಇಲ್ಲ. ನಾನು ಮಾತನ್ನಲ್ಲ, ಯಾಕೆ ಮಾತಾಡುತ್ತಿದ್ದೇನೆ ಅನ್ನುವುದನ್ನು ಮೊದಲು ಹಿಡಿದುಕೊಳ್ಳುತ್ತೇನೆ. ಕೇಳಲು ಬಂದಿದ್ದೇನಾ, ಮುಚ್ಚಿಡಲು ಬಂದಿದ್ದೇನಾ? ಅದು ಗೊತ್ತಾದರೆ ಮಾತು ಬೇಗ ಕೂರುತ್ತದೆ.

ಮೊದಲು ಇಡೀ ಸೀನಿನ ಮಾಸ್ಟರ್ ಶಾಟ್, ಆಮೇಲೆ ಒಬ್ಬೊಬ್ಬರ ಮುಖದ ಕ್ಲೋಸ್‌ಗಳು. ಮಾಸ್ಟರ್‌ನಲ್ಲಿ ಚಹಾ ಕಪ್ ಎಡಗೈಯಲ್ಲಿದ್ದರೆ ಒಂದು ಗಂಟೆ ಬಿಟ್ಟು ತೆಗೆಯುವ ಕ್ಲೋಸ್‌ನಲ್ಲೂ ಎಡಗೈಯಲ್ಲೇ ಇರಬೇಕು, ಅದೂ ಅದೇ ಮಾತಿನ ಹೊತ್ತಿಗೆ. ಕಂಟಿನ್ಯುಟಿ ನೋಡುವವರು ಇರುತ್ತಾರೆ, ಆದರೂ ಸೆರಗು, ಬಳೆ, ಕಪ್ ಎಲ್ಲದರ ಫೋಟೋ ನನ್ನ ಫೋನಿನಲ್ಲೂ ಇರುತ್ತದೆ. ಬೆಳಕು ಮುಖಕ್ಕೆ ಬೀಳುವ ಹಾಗೆ ನಿಲ್ಲುವುದಕ್ಕೆ ಲೈಟ್ ತೆಗೆದುಕೊಳ್ಳುವುದು ಅಂತಾರೆ. ಅದನ್ನು ಕಣ್ಣಿಂದ ಹುಡುಕಬಾರದು. ಕೆನ್ನೆಗೆ ಬಿಸಿ ತಾಗುವ ಜಾಗದಲ್ಲಿ ನಿಲ್ಲಬೇಕು. ಇದನ್ನು ಕಲಿಸಿದ್ದು ಒಬ್ಬ ಹಿರಿಯ ಲೈಟ್‌ಮನ್ ದಾದಾ. ನಾನು ಯಾವ ನಟನೆಯ ಶಾಲೆಗೂ ಹೋದವಳಲ್ಲ, ಅವರೇ ನನ್ನ ಶಾಲೆ.

ಎಲ್ಲಕ್ಕಿಂತ ಕಷ್ಟದ್ದು ರಿಯಾಕ್ಷನ್. ಮನೆಯವರೆಲ್ಲ ಸಾಲಾಗಿ ನಿಂತಿರುತ್ತಾರೆ, ಯಾರೋ ಏನೋ ಬಾಂಬ್ ಹಾಕುತ್ತಾರೆ, ಕ್ಯಾಮೆರಾ ಒಬ್ಬೊಬ್ಬರ ಮುಖಕ್ಕೂ ಬರುತ್ತದೆ. ಹೊರಗಿನವರಿಗೆ ಇದು ಸುಲಭ ಅನ್ನಿಸುತ್ತದೆ. ಮೊದಲ ಎರಡು ವರ್ಷ ನಾನೂ ಮುಖ ಮಾಡುತ್ತಿದ್ದೆ. ಹುಬ್ಬು ಏರಿಸು, ಬಾಯಿ ತೆರೆ. ಆಮೇಲೆ ಒಂದು ದಿನ ಸುಸ್ತಾಗಿ ಸುಮ್ನೆ ಎದುರಿನವರ ಮಾತು ಕೇಳುತ್ತಾ ನಿಂತುಬಿಟ್ಟೆ. ಡೈರೆಕ್ಟರ್ ‘ಇದೇ ಬೇಕು’ ಅಂದರು. ಅಲ್ಲಿಂದ ನಾನು ಕೇಳುವುದನ್ನೇ ನನ್ನ ಕೆಲಸ ಅಂದುಕೊಂಡೆ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ, ಆದರೆ ಹೊಸಬರು ಇದನ್ನು ಗಮನವಿಟ್ಟು ಓದಬೇಕು. ನಮಗೆ ಸಂಬಳ ಅಂತಿಲ್ಲ, ದಿನದ ಲೆಕ್ಕ. ಆ ದುಡ್ಡು ಕೈಗೆ ಬರುವುದು ಸಾಮಾನ್ಯವಾಗಿ 90 ದಿನ ಆದ ಮೇಲೆ. ಜನವರಿಯಲ್ಲಿ ದುಡಿದದ್ದು ಮೇ ಹೊತ್ತಿಗೆ. ಅದರಲ್ಲೂ 10% ತೆರಿಗೆ, ಟಿಡಿಎಸ್ ಅಂತ, ಮೊದಲೇ ಹಿಡಿದಿರುತ್ತಾರೆ, ರಿಟರ್ನ್ ಹಾಕದಿದ್ದರೆ ಅದು ಹೋದ ಹಾಗೇ. ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ತಾರೀಕು, ಸೀನ್ ನಂಬರ್, ಬಂದ ಹೊತ್ತು, ಪ್ಯಾಕಪ್ ಅಂದರೆ ಕೆಲಸ ಮುಗಿದ ಹೊತ್ತು. ಒಂದು ಸೀರಿಯಲ್ ರಾತ್ರೋರಾತ್ರಿ ನಿಂತಿತು, ಹೇಳಿದ್ದು ವಾಟ್ಸಾಪ್‌ನಲ್ಲಿ. ಹನ್ನೊಂದು ದಿನದ ನನ್ನ ಪೇಮೆಂಟ್ ತಡೆದರು. ಕಲಾವಿದರ ಸಂಘ ಸಿಂಟಾದ ಕಾರ್ಡ್ ಇತ್ತು, ನೋಟ್‌ಬುಕ್ ಹಿಡಿದು ದೂರು ಕೊಟ್ಟೆ. ಎಂಟು ದಿನದ್ದು ಬಂತು. ಮೂರು ದಿನದ್ದು ಇವತ್ತಿಗೂ ಬಂದಿಲ್ಲ. ಆ ಮೂರು ದಿನಕ್ಕೆ ನೋಟ್‌ಬುಕ್ಕಿನಲ್ಲಿ ಪ್ಯಾಕಪ್ ಹೊತ್ತು ಬರೆದಿರಲಿಲ್ಲ.

ಗುರುವಾರ, ಸೀರಿಯಲ್ಲನ್ನು ಎಷ್ಟು ಜನ ನೋಡಿದರು ಅನ್ನುವ ಲೆಕ್ಕ, ಟಿಆರ್‌ಪಿ ಬರುತ್ತದೆ. ಅವತ್ತು ಸೆಟ್ಟಿನಲ್ಲಿ ಎಲ್ಲರ ಕಣ್ಣು ಫೋನಿನ ಮೇಲೆ. ಅಂಕಿ ಇಳಿದರೆ ಕಥೆ ತಿರುಗುತ್ತದೆ, ಕಥೆ ತಿರುಗಿದರೆ ಚಿಕ್ಕಮ್ಮ ತೀರ್ಥಯಾತ್ರೆಗೆ ಹೋಗುತ್ತಾಳೆ. ಹೋದವಳು ವಾಪಸ್ ಬರುತ್ತಾಳೋ ಇಲ್ಲವೋ ಯಾರಿಗೂ ಗೊತ್ತಿರುವುದಿಲ್ಲ. ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿ ಇಲ್ಲದೆ ನಾನು ಸೀರಿಯಲ್ ಅಲ್ಲದ ಇನ್ನೊಂದು ಕೆಲಸವನ್ನು ಬಿಡುವ ಧೈರ್ಯ ಮಾಡಲಿಲ್ಲ. ಶುರುವಿನ ಐದು ವರ್ಷ ಟ್ಯೂಷನ್ ಹೇಳುತ್ತಲೇ ಇದ್ದೆ. ಆ ಉಳಿತಾಯವೇ 2020ರಲ್ಲಿ ನಮ್ಮನ್ನು ಕಾಪಾಡಿತು. ಆ ಮಾರ್ಚ್ 19ರಿಂದ ಕೊರೊನಾ ಕಾರಣಕ್ಕೆ ಶೂಟಿಂಗ್ ನಿಂತಿತು. ಮತ್ತೆ ಶುರುವಾದಾಗ 65 ದಾಟಿದ ಕಲಾವಿದರು ಸೆಟ್ಟಿಗೆ ಬರಬಾರದು ಅಂತ ಸರ್ಕಾರದ ನಿಯಮ. ನನ್ನ ಜೊತೆ ಅಜ್ಜನ ಪಾತ್ರ ಮಾಡುತ್ತಿದ್ದವರು ದಿನಾ ಫೋನ್ ಮಾಡಿ ಸೆಟ್ಟಿನ ಸುದ್ದಿ ಕೇಳುತ್ತಿದ್ದರು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಆ ನಿಯಮ ರದ್ದು ಮಾಡಿತು. ಅವತ್ತು ಅವರು ಫೋನಿನಲ್ಲಿ ಅತ್ತರು.

2021ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರದಲ್ಲಿ ಮತ್ತೆ ಶೂಟಿಂಗ್ ಬಂದ್. ಎಷ್ಟೋ ಸೀರಿಯಲ್‌ಗಳ ಹಾಗೆ ನಮ್ಮದೂ ಗೋವಾಕ್ಕೆ ಹೋಯಿತು. ಒಂದು ವಿಲ್ಲಾ ಬಾಡಿಗೆಗೆ ಹಿಡಿದು, ಅಲ್ಲೇ ಊಟ, ಅಲ್ಲೇ ನಿದ್ದೆ, ಅಲ್ಲೇ ಶೂಟಿಂಗ್. ಹೊರಗೆ ಕಾಲಿಡುವ ಹಾಗಿಲ್ಲ. ಕಿಟಕಿಗೆಲ್ಲ ಕಪ್ಪು ಬಟ್ಟೆ. ಟೇಕ್ ಹೊತ್ತಿಗೆ ಶಬ್ದ ಬರಬಾರದು ಅಂತ ಫ್ಯಾನ್, ಎಸಿ ಎರಡೂ ಬಂದ್. ಕಸ ಗುಡಿಸುವ ಹೆಣ್ಣುಮಗಳು ವಿಜಾಪುರದ ಕಡೆಯವಳು. ನನ್ನ ಕನ್ನಡ ಕೇಳಿ, ‘ಅಕ್ಕಾರ, ನೀವು ನಮ್ಮೂರ ಕಡಿಯವ್ರೇನ್ರಿ?’ ಅಂದಳು. ದಿನಾ ಸಂಜೆ ಮೆಟ್ಟಿಲ ಮೇಲೆ ದೂರ ದೂರ ಕೂತು ಮಾತಾಡುತ್ತಿದ್ದೆವು.

ಅಲ್ಲಿ ಒಂದು ಸೀನ್. ಮಗ ಮನೆ ಬಿಟ್ಟು ಹೋಗುತ್ತೇನೆ ಅಂತ ತಾಯಿಗೆ ಹೇಳುವುದು. ಮಗನ ಪಾತ್ರದ ಹುಡುಗನ ಕೊರೊನಾ ಟೆಸ್ಟಿನ ಆರ್‌ಟಿಪಿಸಿಆರ್ ರಿಪೋರ್ಟ್ ಬಂದಿರಲಿಲ್ಲ, ಅವನನ್ನು ಬೇರೆ ಕೋಣೆಯಲ್ಲಿ ಇಟ್ಟಿದ್ದರು. ಟೆಲಿಕಾಸ್ಟ್ ನಿಲ್ಲುವ ಹಾಗಿಲ್ಲ. ನನ್ನ ಕ್ಲೋಸ್ ಮೊದಲು ತೆಗೆಯೋಣ ಅಂದರು. ಲೈಟ್ ಸ್ಟ್ಯಾಂಡಿಗೆ, ಹುಡುಗನ ಕಣ್ಣಿನ ಎತ್ತರಕ್ಕೆ, ಬಿಳಿ ಟೇಪಿನ ಒಂದು ತುಂಡು ಅಂಟಿಸಿದರು. ಅದೇ ಮಗ. ಅವನ ಮಾತು ಓದಿದ್ದು ಅಸಿಸ್ಟೆಂಟ್ ಡೈರೆಕ್ಟರ್, ಬಿಹಾರದ ಹುಡುಗ, ಇಪ್ಪತ್ತೆರಡೋ ಇಪ್ಪತ್ತಮೂರೋ. ಮನೆಗೆ ಹೋಗಿ ಒಂದೂವರೆ ವರ್ಷವಾಗಿತ್ತು ಅವನಿಗೆ. ಬೆಳಿಗ್ಗೆಯಿಂದ ನಿಂತು ಸುಸ್ತಾಗಿದ್ದ. ‘ಮಾ, ಇಸ್ ಬಾರ್ ವಾಪಸ್ ನಹೀಂ ಆವೂಂಗಾ’ ಅನ್ನುವುದನ್ನು ದಿನಸಿ ಚೀಟಿ ಓದಿದ ಹಾಗೆ ಓದಿದ.

ನಾನು ಆ ದನಿಯನ್ನೇ ಕೇಳಿದೆ. ಮಕ್ಕಳು ನಿಜವಾಗಿ ಹೋಗುವಾಗ ಹಾಗೆಯೇ ಹೇಳುತ್ತಾರೆ. ದನಿ ನಡುಗುವುದಿಲ್ಲ, ಅಳುವುದಿಲ್ಲ. ಚಪ್ಪಲಿ ಹುಡುಕುತ್ತಾ ಹೇಳಿಬಿಡುತ್ತಾರೆ. ಗ್ಲಿಸರಿನ್ ಬೇಕಾಗಲಿಲ್ಲ. ಒಂದೇ ಟೇಕ್. ಕಟ್ ಅಂದ ಮೇಲೆ ಆ ಹುಡುಗ ಸ್ಕ್ರಿಪ್ಟ್ ಮಡಚಿಕೊಂಡು ಹೊರಗೆ ಹೋದ. ಆಮೇಲೆ ನೋಡಿದರೆ ವರಾಂಡದಲ್ಲಿ ಮನೆಗೆ ಫೋನ್ ಮಾಡುತ್ತಾ ನಿಂತಿದ್ದ.

ಮೇ ಮೊದಲ ವಾರದಲ್ಲಿ ಗೋವಾ ಸರ್ಕಾರವೂ ಅನುಮತಿ ವಾಪಸ್ ತೆಗೆದುಕೊಂಡಿತು. ಗಂಟುಮೂಟೆ ಕಟ್ಟಿದೆವು. ಆ ಕಂತು ಬಂದ ರಾತ್ರಿ ನಾನು ಡೊಂಬಿವಲಿಯ ಮನೆಯಲ್ಲಿ ಅತ್ತೆಯವರ ಪಕ್ಕ ಕೂತಿದ್ದೆ. ಅವರು ಕಣ್ಣೊರೆಸಿಕೊಂಡು, ‘ಹುಡುಗ ಭಾಳ ಛಲೋ ಮಾಡ್ಯಾನ’ ಅಂದರು. ಹುಡುಗ ಅಲ್ಲಿರಲೇ ಇಲ್ಲ, ಎದುರಿಗೆ ಬರೀ ಟೇಪಿನ ತುಂಡು ಅಂತ ಹೇಳಿದೆ. ಅವರು ಟಿವಿಯ ಸದ್ದು ಕಡಿಮೆ ಮಾಡಿದರು.

‘ಮತ್ತ ಯಾರ ಮಾತ ಕೇಳಿ ಅತ್ತಿ ನೀ?’

ಬಿಹಾರದ ಹುಡುಗನ ಕಥೆ ಹೇಳಿದೆ. ಅವನು ಊರಿಗೆ ಹೋದನಾ ಅಂತ ಕೇಳಿದರು. ಹೋದ, ನಾವು ಗೋವಾ ಬಿಟ್ಟ ಮಾರನೇ ದಿನವೇ ಗಾಡಿ ಹತ್ತಿದ ಅಂದೆ.