ಬೇಸ್‌ಗೆ ಫಜ್ ಹಾಕೋ ಮೊದಲು ಬ್ಲೆಂಡ್ ನಾಬ್ ನೋಡಿ

ಗಣಪತಿ ಹಬ್ಬಕ್ಕೆ ಬೇಸ್ ಗಿಟಾರ್ ನುಡಿಸುವವರು ಈ ಗುಂಪಿನಲ್ಲಿ ಜಾಸ್ತಿ ಇದ್ದೀರಿ, ಅದಕ್ಕೇ ಇದು. ಹೋದ ವರ್ಷ ಬೆಳಗಾವಿಯ ಟಿಳಕವಾಡಿಯ ಪೆಂಡಾಲಿನಲ್ಲಿ ಗೆಳೆಯನ ಗಿಟಾರ್ ಡಿಸ್ಟಾರ್ಷನ್ ಪೆಡಲ್ (ಕಾಲಲ್ಲಿ ಒತ್ತುವ, ದನಿ ಒಡೆಯುವ ಪೆಟ್ಟಿಗೆ) ಇಸ್ಕೊಂಡು ಬೇಸ್‌ಗೆ ಹಾಕಿದ್ದೆ. ಮನೆಯಲ್ಲಿ ಭಾರಿ ಅನಿಸಿತ್ತು. ಪೆಂಡಾಲಿನಲ್ಲಿ ಡ್ರಮ್ ಶುರುವಾಗುತ್ತಲೇ ನನ್ನ ಬೇಸ್ ಮಾಯ! ಬರೀ ಜೇನುನೊಣ ಗುಂಯ್‌ಗುಟ್ಟಿದ ಹಾಗೆ.

ಬೇಸಿನ ದಪ್ಪ ಇ ತಂತಿ ಸುಮಾರು 41 ಹರ್ಟ್ಸ್, ಗಿಟಾರಿನದು 82. ಗಿಟಾರ್ ಪೆಡಲ್‌ಗಳಲ್ಲಿ ಎಷ್ಟೋ ಆ ಕೆಳಗಿನ ದನಿಯನ್ನು ಸೋಸಿಬಿಡುತ್ತವೆ. ಬ್ಲೆಂಡ್ ನಾಬ್, ಅಂದರೆ ಮೂಲ ದನಿಗೆ ಒಡೆದ ದನಿ ಬೆರೆಸುವ ತಿರುಗುಗುಂಡಿ, ಇರುವ ಬೇಸ್ ಪೆಡಲ್ ತಗೊಳ್ಳಿ. ಮೂಲ ದನಿ ಅರ್ಧ, ಒಡೆದ ದನಿ ಅರ್ಧ ಇಟ್ಟು ಶುರು ಮಾಡಿ.

ದನಿ ಒಡೆಯುವ ಪೆಡಲ್‌ಗಳಲ್ಲಿ ಮೂರು ಬಗೆ: ಓವರ್‌ಡ್ರೈವ್, ಡಿಸ್ಟಾರ್ಷನ್, ಫಜ್. ಮೂರೂ ಮಾಡೋದು ದನಿಯ ಅಲೆಯ ನೆತ್ತಿ ಕತ್ತರಿಸುವ ಕೆಲಸವೇ. ಓವರ್‌ಡ್ರೈವ್ ದುಂಡಗೆ ಸವರುತ್ತದೆ: ಮೆಲ್ಲಗೆ ಮೀಟಿದರೆ ಸ್ವಚ್ಛ, ಜೋರಾಗಿ ಮೀಟಿದರೆ ಗೊರಗೊರ. ಡಿಸ್ಟಾರ್ಷನ್ ಚಕ್ಕನೆ ಕತ್ತರಿಸುತ್ತದೆ. ಫಜ್ ಅಂತೂ ಅಲೆಯನ್ನು ಹೆಚ್ಚುಕಡಿಮೆ ಚೌಕ ಮಾಡಿಬಿಡುತ್ತದೆ. ಎರಡು ತಂತಿ ಒಟ್ಟಿಗೆ ಮೀಟಿದಿರೋ, ಕಲಸುಮೇಲೋಗರ.

ಹಳೇ ಮಾದರಿಯ ಫಜ್ ಆದರೆ ಬೇಸಿನಿಂದ ನೇರ ಅದಕ್ಕೇ ಕೇಬಲ್ ಕೊಡಿ, ಮಧ್ಯೆ ಬೇರೆ ಪೆಡಲ್ ಬೇಡ. ಹಾಂ, ಗೇನ್ (ದನಿ ಎಷ್ಟು ಒಡೆಯಬೇಕು ಅನ್ನೋ ನಾಬ್) ಮನೆಯಲ್ಲಿ ಇಟ್ಟಿದ್ದಕ್ಕಿಂತ ಕಡಿಮೆಯೇ ಇರಲಿ.